ಹಡಗಿನ ಮೇಲೆ ಕೊನೆಯ ಹಗಲು



ರಾಯಚೂರು ಜಿಲ್ಲೆಯ ಜಾಲಹಳ್ಳಿಯಿಂದ ಪಡುವಣಕ್ಕೆ ಹೊರಟರೂ ಮೂಡಣಕ್ಕೆ ಹೊರಟರೂ ಸಮುದ್ರ ಸಿಗುವುದು ಮುನ್ನೂರು ಕಿಲೋಮೀಟರು ದಾಟಿದ ಮೇಲೆಯೇ. ದೇವದುರ್ಗ, ಮಾನ್ವಿ ಕಡೆಯ ನಿಮ್ಮಲ್ಲಿ ಅನೇಕರು ಸಮುದ್ರವನ್ನು ಮೊದಲು ಕಂಡದ್ದು ಟಿ.ವಿ. ಪರದೆಯ ಮೇಲೆ ಇರಬೇಕು. ಹೀಗಿರುವಾಗ, ವಿಹಾರ ನೌಕೆಯ ಪ್ರವಾಸದಲ್ಲಿ ಕೊನೆಯ ದಿನ ಹೇಗೆ ಕಳೆಯುತ್ತದೆ ಎಂಬ ಮಾತು ನಿಮಗೇಕೆ? ಕಾರಣವಿದೆ. ಆ ಒಂದು ದಿನದಲ್ಲಿ ಭೂಮಿಯ ಆಕಾರ, ಬೆಳಕಿನ ಸ್ವಭಾವ, ನೀರಿನ ಬಣ್ಣ, ನಮ್ಮ ಕಿವಿಯೊಳಗಿನ ಸಮತೋಲ ಇವೆಲ್ಲ ಪಾಠಗಳು ಒಂದರ ಹಿಂದೊಂದು ಎದುರಾಗುತ್ತವೆ. ನಮ್ಮ ದೇಶದ ಒಂದು ಮಹತ್ವದ ಸಂಶೋಧನೆಯ ಬೀಜ ಬಿದ್ದದ್ದೂ ಹಡಗಿನ ಮೇಲೆಯೇ. ಮಾತುಕತೆಯ ಅವಧಿಯಲ್ಲಿ ಹಿಡಿಸದ ವಿವರಗಳನ್ನು ಇಲ್ಲಿ ನಿಧಾನವಾಗಿ ನೋಡೋಣ.

ಪೆಟ್ಟಿಗೆ ಕಟ್ಟುವ ದಿನ

ವಿಹಾರ ನೌಕೆ ಎಂದರೆ ನೀರಿನ ಮೇಲೆ ತೇಲುವ ಒಂದು ಹೋಟೆಲು ಎನ್ನಬಹುದು. ಮುಂಬಯಿಯಿಂದ ಹೊರಟು ಗೋವಾ, ಲಕ್ಷದ್ವೀಪ, ಕೊಚ್ಚಿಗಳನ್ನು ಮುಟ್ಟುವ ಇಂಥ ಪ್ರವಾಸಗಳು ನಮ್ಮ ಕರಾವಳಿಯಲ್ಲಿ ನಡೆಯುತ್ತವೆ. ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ ವಿದೇಶಿ ಪ್ರವಾಸಿಗರ ಹಡಗುಗಳು ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೂ ಬರುತ್ತವೆ. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಿತವಾದ ಇದು ಕರ್ನಾಟಕದ ಏಕೈಕ ಪ್ರಮುಖ ಬಂದರು.

ಇಂಥ ಪ್ರವಾಸಗಳಲ್ಲಿ ಕೊನೆಯ ದಿನ ಹಲವು ಬಾರಿ ಯಾವ ಊರೂ ಇಲ್ಲದ ಬರಿಯ ಸಮುದ್ರದ ದಿನವಾಗಿರುತ್ತದೆ. ಬೆಳಿಗ್ಗೆ ಎದ್ದರೆ ಸುತ್ತಲೂ ನೀರು, ಸಂಜೆಗೂ ನೀರು. ಪ್ರಯಾಣಿಕರು ಬಾಕಿ ಹಣದ ಲೆಕ್ಕ ಚುಕ್ತಾ ಮಾಡುತ್ತಾರೆ, ಪೆಟ್ಟಿಗೆ ಕಟ್ಟುತ್ತಾರೆ. ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ರಾತ್ರಿ ಕೋಣೆಯ ಹೊರಗಿಟ್ಟರೆ, ಬೆಳಿಗ್ಗೆ ಅವು ಬಂದರಿನ ಕಟ್ಟಡದಲ್ಲಿ ಬಣ್ಣದ ಪ್ರಕಾರ ಸಾಲಾಗಿ ಕಾದಿರುತ್ತವೆ. ‘ಪ್ರವಾಸ ಮುಗಿಯಿತು’ ಎಂಬ ಬೇಸರದಲ್ಲಿ ಹೆಚ್ಚಿನವರು ಆ ದಿನವನ್ನು ಒಳಗೇ ಕುಳಿತು ಕಳೆದುಬಿಡುತ್ತಾರೆ.

ಹಡಗಿನ ಸಿಬ್ಬಂದಿಗೆ ಮಾತ್ರ ಆ ದಿನ ಯಾವುದರ ಕೊನೆಯೂ ಅಲ್ಲ. ಮರುದಿನ ಬೆಳಿಗ್ಗೆ ಹಳೆಯ ಪ್ರಯಾಣಿಕರು ಇಳಿದ ಕೆಲವೇ ಗಂಟೆಗಳಲ್ಲಿ ಹೊಸಬರು ಹತ್ತುತ್ತಾರೆ. ಅಷ್ಟರಲ್ಲಿ ಒಂದೊಂದು ಕೋಣೆಯೂ ಹೊಸದಾಗಬೇಕು. ಎಣ್ಣೆ, ನೀರು, ದಿನಸಿ ತುಂಬಬೇಕು. ಈ ದುಡಿಮೆ ಮಿತಿ ಮೀರಬಾರದೆಂದೇ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ (2006) ದಿನದ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಇರಬೇಕೆಂದು ಹೇಳುತ್ತದೆ. ಭಾರತವೂ 2015ರಲ್ಲಿ ಇದನ್ನು ಒಪ್ಪಿಕೊಂಡಿದೆ. ಒಬ್ಬರ ವಿಹಾರದ ಹಿಂದೆ ಇನ್ನೊಬ್ಬರ ನಿದ್ದೆಯ ಪ್ರಶ್ನೆಯಿದೆ ಎಂಬುದನ್ನು ಮರೆಯಬಾರದು.

ನಾವಿಕರ ಮೈಲಿ

ದೈತ್ಯಾಕಾರದ ಹಡಗು ಎಷ್ಟು ವೇಗವಾಗಿ ಹೋಗುತ್ತದೆ? 18 ನಾಟ್ ಎಂದರೆ ಬೇಕಾದಷ್ಟು ಒಳ್ಳೆಯ ವೇಗ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1,852 ಮೀಟರು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ನಿಮ್ಮ ಭೂಪಟದ ಅಕ್ಷಾಂಶ ರೇಖೆಗಳನ್ನು ನೆನಪಿಸಿಕೊಳ್ಳಿ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವ ಒಂದು ಮಿನಿಟಿನ ಅಂತರವೇ ಸುಮಾರಾಗಿ ಒಂದು ನಾವಿಕ ಮೈಲಿ. ನಾವಿಕರು ದೂರವನ್ನು ಅಳೆಯುವುದು ಭೂಮಿಯ ದುಂಡನ್ನೇ ಕೋಲಾಗಿಟ್ಟುಕೊಂಡು.

ಹಾಗಾದರೆ 18 ನಾಟ್ ಎಂದರೆ ಗಂಟೆಗೆ ಸುಮಾರು 33 ಕಿಲೋಮೀಟರು. ಜಾಲಹಳ್ಳಿಯಿಂದ ರಾಯಚೂರಿಗೆ ಹೋಗುವ ಬಸ್ಸು ಖಾಲಿ ರಸ್ತೆಯಲ್ಲಿ ಇದಕ್ಕಿಂತ ಜೋರಾಗಿಯೇ ಓಡುತ್ತದೆ! ಕೊಚ್ಚಿಯಿಂದ ಪಣಂಬೂರಿಗೆ 191 ನಾವಿಕ ಮೈಲಿ. ಇದೇ ವೇಗದಲ್ಲಿ ಎಷ್ಟು ಹೊತ್ತು ಬೇಕು? ಭಾಗಿಸಿ ನೋಡಿ: ಹತ್ತೂವರೆ ಗಂಟೆಗಿಂತ ತುಸು ಹೆಚ್ಚು.

ದಿಗಂತ ಎಷ್ಟು ದೂರ?

ಮೇಲಿನ ಡೆಕ್ಕಿನಲ್ಲಿ ನಿಂತವನಿಗೆ ನೆಲ ಯಾವಾಗ ಕಾಣುತ್ತದೆ? ಸಮುದ್ರ ಚಪ್ಪಟೆಯಾಗಿದ್ದರೆ ಒಳ್ಳೆಯ ದುರ್ಬೀನು ಸಾಕಿತ್ತು. ಆದರೆ ಭೂಮಿ ದುಂಡಗಿದೆ. ದೂರದ ವಸ್ತುಗಳು ಅದರ ಬಾಗಿನ ಹಿಂದೆ ಅಡಗುತ್ತವೆ. ಇದಕ್ಕೊಂದು ಸುಲಭ ಲೆಕ್ಕವಿದೆ. ನಿಮ್ಮ ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ಬರುವ ಉತ್ತರವೇ ದಿಗಂತದ ದೂರ, ಕಿಲೋಮೀಟರುಗಳಲ್ಲಿ.

ಮರಳಿನ ಮೇಲೆ ನಿಂತ ವಿದ್ಯಾರ್ಥಿಯ ಕಣ್ಣು 1.6 ಮೀಟರು ಎತ್ತರದಲ್ಲಿದ್ದರೆ ದಿಗಂತ ಕೇವಲ ನಾಲ್ಕೂವರೆ ಕಿಲೋಮೀಟರು ದೂರ. ಹಡಗಿನ ಮೇಲೆ 25 ಮೀಟರು ಎತ್ತರದಲ್ಲಿ ನಿಂತರೆ ಸುಮಾರು 18 ಕಿಲೋಮೀಟರು. ಕಾಣಬೇಕಾದ ವಸ್ತುವೂ ಎತ್ತರದಲ್ಲಿದ್ದರೆ ಅದರ ದಿಗಂತವನ್ನೂ ಕೂಡಿಸಬೇಕು. ಪಣಂಬೂರಿನಿಂದ ಸುಮಾರು ಐವತ್ತು ಕಿಲೋಮೀಟರು ಒಳನಾಡಿನಲ್ಲಿ ಕುದುರೆಮುಖ ಶಿಖರವಿದೆ; ಎತ್ತರ ಸುಮಾರು 1,890 ಮೀಟರು. ಅದರ ದಿಗಂತ 155 ಕಿಲೋಮೀಟರು. ಎರಡನ್ನೂ ಕೂಡಿಸಿದರೆ 173. ಎಂದರೆ ಹವೆ ತೀರಾ ತಿಳಿಯಾಗಿದ್ದರೆ, ತೀರ ಇನ್ನೂ ನೂರಕ್ಕೂ ಹೆಚ್ಚು ಕಿಲೋಮೀಟರು ದೂರವಿರುವಾಗಲೇ ಬೆಟ್ಟದ ತಲೆ ನೀರಿನ ಅಂಚಿನಲ್ಲಿ ಮೂಡಬಹುದು. ನಿಜದಲ್ಲಿ ಮಬ್ಬು, ಮೋಡ, ಧೂಳು ಅಡ್ಡ ಬರುತ್ತವೆ. ಆದರೂ ಕ್ರಮ ಅದೇ: ಮೊದಲು ಬೆಟ್ಟ, ಆಮೇಲೆ ದೀಪಸ್ತಂಭದ ಬೆಳಕು, ಎಲ್ಲಕ್ಕೂ ಕೊನೆಗೆ ತೆಂಗಿನ ತೋಪು ಮತ್ತು ಮರಳು.

ಇದೇ ಲೆಕ್ಕ ನಮ್ಮ ವೃತ್ತಿಗೂ ಸಂಬಂಧಿಸಿದ್ದು. ನೆಲದ ಮೇಲಿನ ಗೋಪುರದಿಂದ ಹೊರಡುವ ಟಿ.ವಿ. ಅಲೆಗಳು ಹೆಚ್ಚುಕಡಿಮೆ ದಿಗಂತದವರೆಗೆ ಮಾತ್ರ ತಲುಪುತ್ತವೆ. ಆದ್ದರಿಂದಲೇ ಪ್ರಸಾರ ಗೋಪುರಗಳನ್ನು ಅಷ್ಟು ಎತ್ತರ ಕಟ್ಟುತ್ತಿದ್ದರು. ಈ ಅಡ್ಡಿಯನ್ನು ದಾಟಿದ ಮೊದಲ ಊರುಗಳಲ್ಲಿ ನಿಮ್ಮ ಜಿಲ್ಲೆಯವೂ ಇವೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಈ ದಿಗಂತದ ಅಡ್ಡಿ ಎಲ್ಲಿಯದು? ಇಂದು ಹಡಗುಗಳು ತಾವಿರುವ ಜಾಗವನ್ನು ಕಂಡುಕೊಳ್ಳುವುದೂ ಉಪಗ್ರಹಗಳ ಸಹಾಯದಿಂದಲೇ.

ನೀಲಿ ಎಲ್ಲಿಂದ ಬಂತು?

ಈಗ ಡೆಕ್ಕಿನ ಕಟಕಟೆ ಹಿಡಿದು ನೀರನ್ನು ನೋಡೋಣ. ಬೆಳಿಗ್ಗೆ ಆಳ ಸಮುದ್ರದಲ್ಲಿ ಕಡುನೀಲಿಯಾಗಿದ್ದ ನೀರು ತೀರ ಹತ್ತಿರವಾದಂತೆ ಹಸಿರಾಗುತ್ತದೆ, ನದಿಮುಖದ ಬಳಿ ಕಂದಾಗುತ್ತದೆ. ಏಕೆ?

‘ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ’ ಎಂದು ಪರೀಕ್ಷೆಯಲ್ಲಿ ಇಂದಿಗೂ ಬರೆಯುವವರಿದ್ದಾರೆ. ಅವರನ್ನು ಗದರಿಸಬೇಕಾಗಿಲ್ಲ, ಬೆಳಕಿನ ವಿಷಯದಲ್ಲಿ ಮಹಾಪಂಡಿತನಾಗಿದ್ದ ಲಾರ್ಡ್ ರ್‍ಯಾಲೆ ಕೂಡ ಹಾಗೆಯೇ ತಿಳಿದಿದ್ದ. 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ ‘ನರ್ಕುಂಡ’ ಎಂಬ ಹಡಗಿನಲ್ಲಿ ಹಿಂತಿರುಗುತ್ತಿದ್ದರು. ಆಗ ಅವರಿಗೆ 32 ವರ್ಷ. ಹೆಸರು ಸಿ.ವಿ. ರಾಮನ್.

ಮೆಡಿಟರೇನಿಯನ್ ಸಮುದ್ರದ ನೀಲಿ ರಾಮನ್ನರ ಕಣ್ಣು ಸೆಳೆಯಿತು. ಅದು ಬರಿಯ ಪ್ರತಿಬಿಂಬವೇ ಆಗಿದ್ದರೆ, ಪ್ರತಿಬಿಂಬವನ್ನು ಅಳಿಸಿದಾಗ ನೀಲಿಯೂ ಅಳಿಯಬೇಕಲ್ಲವೇ? ಅವರ ಬಳಿ ಒಂದು ಪುಟ್ಟ ನಿಕೋಲ್ ಪ್ರಿಸಮ್ ಇತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ (ಲಂಬದಿಂದ ಸುಮಾರು 53 ಡಿಗ್ರಿ) ಪ್ರತಿಫಲಿಸುವ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಪ್ರಿಸಮ್ಮನ್ನು ಸರಿಯಾಗಿ ತಿರುಗಿಸಿದರೆ ಆ ಬೆಳಕು ನಿಂತುಹೋಗುತ್ತದೆ. ರಾಮನ್ ಹಾಗೆ ನೋಡಿದರು. ಮೇಲಿನ ಹೊಳಪು ಹೋಯಿತು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಗಿ ಕಂಡಿತು! ಅಂದರೆ ಆ ಬಣ್ಣ ನೀರಿನ ಒಳಗಿನಿಂದ ಬರುತ್ತಿತ್ತು; ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು.

ಹಡಗು ಬಂದರು ಮುಟ್ಟುವ ಹೊತ್ತಿಗೆ ಬರಹ ಸಿದ್ಧವಾಗಿತ್ತು. ‘ನೇಚರ್’ ಪತ್ರಿಕೆಗೆ ಅವರು ಕಳಿಸಿದ ‘ಸಮುದ್ರದ ಬಣ್ಣ’ ಎಂಬ ಆ ಪತ್ರದ ಕೆಳಗಿರುವ ವಿಳಾಸ ಯಾವ ಪ್ರಯೋಗಾಲಯದ್ದೂ ಅಲ್ಲ: ನರ್ಕುಂಡ ಹಡಗು, ಬೊಂಬಾಯಿ ಬಂದರು, ಸೆಪ್ಟೆಂಬರ್ 26. ಉಳಿದವರು ಪೆಟ್ಟಿಗೆ ಕಟ್ಟಿ ಮುಗಿಸುವ ಹೊತ್ತಿನಲ್ಲಿ ಒಬ್ಬರು ಪುಸ್ತಕದ ಉತ್ತರವನ್ನು ತಿದ್ದಿ ಮುಗಿಸಿದ್ದರು. ಬೆಳಕು ಚದುರುವ ಬಗೆಯನ್ನು ಹಿಡಿದು ಮುಂದೆ ಏಳು ವರ್ಷ ನಡೆದ ಕೆಲಸವೇ 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮವಾಗಿ ಫಲಿಸಿತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದು, ಕೊನೆಯವರೆಗೂ ನಮ್ಮ ನಾಡಿನವರೇ ಆಗಿ ಉಳಿದರು.

ಇಂದು ನಮಗೆ ಇನ್ನೂ ಸ್ವಲ್ಪ ಹೆಚ್ಚು ತಿಳಿದಿದೆ. ಶುದ್ಧ ನೀರು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ, ನೀಲಿಯನ್ನು ಕಡಿಮೆ. ಹೀಗೆ ಉಳಿದ ನೀಲಿ ಚದುರಿ ಮೇಲಕ್ಕೆ ಮರಳುತ್ತದೆ. ತೀರದ ಬಳಿ ಸೂಕ್ಷ್ಮ ಸಸ್ಯಜೀವಿಗಳು ಹೆಚ್ಚು, ಅವುಗಳಿಂದ ಹಸಿರು. ನೇತ್ರಾವತಿ, ಗುರುಪುರ ನದಿಗಳು ಮಳೆಗಾಲದಲ್ಲಿ ತರುವ ಮಣ್ಣಿನಿಂದ ಕಂದು. ತಿಂಥಣಿ ಸೇತುವೆಯ ಮೇಲೆ ನಿಂತು ಕೃಷ್ಣೆಯ ಹೊಸ ನೀರನ್ನು ನೋಡಿದವರಿಗೆ ಈ ಕಂದು ಹೊಸದೇನಲ್ಲ. ಅದೇ ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ನಿಮ್ಮ ಹೊಲದ ಬದುವಿನಿಂದ ಕೊಚ್ಚಿಹೋದ ಮಣ್ಣಿಗೆ ನಡುವಿನ ಅಣೆಕಟ್ಟುಗಳಲ್ಲಿ ತಡೆಯಾಗದಿದ್ದರೆ ಅದರ ದಾರಿ ಅಲ್ಲಿಗೇ.

ಕೊನೆಯ ಕೆಲವು ಮೈಲಿಗಳು

ನೆಲ ಕಂಡಿತು ಎಂದು ಪ್ರಯಾಣಿಕರು ಹಗುರಾಗುತ್ತಾರೆ. ಕಪ್ತಾನ ಆಗಲೇ ಹೆಚ್ಚು ಎಚ್ಚರವಾಗುತ್ತಾನೆ. ನಡು ಸಮುದ್ರದಲ್ಲಿ ಕೆಳಗೆ ಸಾವಿರಾರು ಮೀಟರು ನೀರಿರುತ್ತದೆ. ತೀರದ ಬಳಿ ಬಂಡೆ, ಮರಳದಿಬ್ಬ, ಮೀನುದೋಣಿ, ಎದುರು ಬರುವ ಹಡಗು ಎಲ್ಲವೂ ಇರುತ್ತವೆ. ಸಾವಿರಾರು ಟನ್ನಿನ ಹಡಗನ್ನು ಬಸ್ಸಿನಂತೆ ಬ್ರೇಕು ಹಾಕಿ ನಿಲ್ಲಿಸಲಾಗುವುದಿಲ್ಲ. ಜಡತ್ವದ ನಿಯಮ ಅದನ್ನು ಬಹುದೂರ ಎಳೆದುಕೊಂಡೇ ಹೋಗುತ್ತದೆ.

1947ರ ಜುಲೈ 17ರಂದು ಮುಂಬಯಿಯಿಂದ ರೇವಸಿಗೆ ಹೊರಟ ‘ರಾಮದಾಸ್’ ಎಂಬ ಹಡಗು ತೀರದಿಂದ ಹೆಚ್ಚು ದೂರವಿಲ್ಲದಲ್ಲೇ ಮಳೆಗಾಲದ ಅಲೆಗೆ ಸಿಕ್ಕಿ ಮುಳುಗಿತು; ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. 2012ರ ಜನವರಿ 13ರಂದು ಇಟಲಿಯ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ಭಾರಿ ವಿಹಾರ ನೌಕೆ ಜಿಲಿಯೋ ದ್ವೀಪಕ್ಕೆ ತೀರಾ ಹತ್ತಿರ ಹೋಗಿ ಬಂಡೆಗೆ ತಾಗಿತು. ದಡ ಕಣ್ಣೆದುರಿಗಿದ್ದರೂ 32 ಜನ ಸತ್ತರು. ಅದರ ಬಳಿಕ, ಪ್ರಯಾಣಿಕರಿಗೆ ಅಪಾಯ ಕಾಲದ ತಾಲೀಮನ್ನು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರ ಜನವರಿಯಿಂದ ಜಾರಿಗೆ ಬಂತು.

ಆದ್ದರಿಂದಲೇ ಬಂದರಿನ ಹೊರಗೆ ಒಂದು ಪುಟ್ಟ ದೋಣಿ ಬಂದು ಹಡಗಿನ ಪಕ್ಕಕ್ಕೆ ಸೇರುತ್ತದೆ. ಅದರಿಂದ ಒಬ್ಬ ಅಧಿಕಾರಿ ಹಗ್ಗದ ಏಣಿ ಹತ್ತಿ ಮೇಲೆ ಬರುತ್ತಾನೆ. ಅವನೇ ಪೈಲಟ್. ವಿಮಾನಗಳು ಹುಟ್ಟುವ ಬಹಳ ಮುಂಚೆಯೇ ಈ ಹೆಸರು ನಾವಿಕರದಾಗಿತ್ತು. ಆ ಬಂದರಿನ ಆಳ, ಪ್ರವಾಹ, ತಿರುವು ಎಲ್ಲ ಅವನಿಗೆ ಅಂಗೈಗೆರೆಯಷ್ಟು ಗೊತ್ತು. ಪಣಂಬೂರಿನ ಬಂದರು ಕರಾವಳಿಯ ನೆಲವನ್ನು ಒಳಕ್ಕೆ ಅಗೆದು ಮಾಡಿದ್ದು. ಹೂಳೆತ್ತಿ ಆಳ ಮಾಡಿದ ಕಾಲುವೆಯೊಂದೇ ಹಡಗಿನ ದಾರಿ. ಪೈಲಟ್ ದಾರಿ ಹೇಳುತ್ತಾನೆ, ಟಗ್ ಎಂಬ ಗಟ್ಟಿ ದೋಣಿಗಳು ತಳ್ಳಿ ಎಳೆದು ಹಡಗನ್ನು ಧಕ್ಕೆಗೆ ಒರಗಿಸುತ್ತವೆ.

ನೆಲ ತೂಗಾಡುವುದೇಕೆ?

ಇಳಿದ ಮೇಲೂ ಸಮುದ್ರ ಬೆನ್ನು ಬಿಡುವುದಿಲ್ಲ. ಗಟ್ಟಿ ನೆಲದ ಮೇಲೆ ನಿಂತರೂ ಮೈ ತೂಗಿದಂತಾಗುತ್ತದೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ; ತಲೆಯ ಚಲನೆಯನ್ನು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಹಡಗಿನ ಮೇಲೆ ಮೊದಲ ದಿನ ಕಣ್ಣು ಹೇಳುವುದಕ್ಕೂ ಕಿವಿ ಹೇಳುವುದಕ್ಕೂ ತಾಳೆಯಾಗದೆ ವಾಂತಿ ಬರುತ್ತದೆ. ಕ್ರಮೇಣ ಮಿದುಳು ಆ ತೂಗಾಟವನ್ನು ಲೆಕ್ಕಕ್ಕೆ ಹಿಡಿದು ಸರಿದೂಗಿಸಲು ಕಲಿಯುತ್ತದೆ. ನೆಲಕ್ಕಿಳಿದ ಮೇಲೂ ಅದೇ ಲೆಕ್ಕ ಸ್ವಲ್ಪ ಕಾಲ ಮುಂದುವರಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಬಹಳ ದಿನ ಉಳಿದರೆ ವೈದ್ಯರನ್ನು ಕಾಣಬೇಕು.

ನಿಮ್ಮೂರಲ್ಲೇ ಮಾಡಿ ನೋಡಿ

1. ಗಾಜಿನ ಲೋಟದಲ್ಲಿ ನೀರು ತುಂಬಿ ಎರಡು ಮೂರು ಹನಿ ಹಾಲು ಬೆರೆಸಿ. ಕತ್ತಲ ಕೋಣೆಯಲ್ಲಿ ಒಂದು ಪಕ್ಕದಿಂದ ಬಿಳಿ ಬೆಳಕಿನ ಟಾರ್ಚು ಬಿಡಿ. ಅಡ್ಡಕ್ಕೆ ನಿಂತು ನೋಡಿದರೆ ನಸುನೀಲಿ, ಟಾರ್ಚಿಗೆ ಎದುರಾಗಿ ನೋಡಿದರೆ ಹಳದಿ ಮಿಶ್ರಿತ ಕೆಂಪು. ಚದುರುವಿಕೆ ಎಂದರೆ ಇದೇ.

2. ಪೋಲರಾಯ್ಡ್ ತಂಪು ಕನ್ನಡಕ ಸಿಕ್ಕರೆ, ಕೆರೆಯ ದಂಡೆಯಲ್ಲಿ ನಿಂತು ನೀರನ್ನು ಓರೆಯಾಗಿ ನೋಡುತ್ತಾ ಕನ್ನಡಕವನ್ನು ಕಣ್ಣೆದುರು ನಿಧಾನವಾಗಿ ತಿರುಗಿಸಿ. ಹೊಳಪು ಬಂದು ಹೋಗುವುದನ್ನು ಗಮನಿಸಿ. ಸೂರ್ಯನನ್ನು ನೇರವಾಗಿ ನೋಡಬೇಡಿ, ನೀರಿಗೆ ಇಳಿಯಬೇಡಿ.

3. ಊರ ಗುಡ್ಡ ಅಥವಾ ನೀರಿನ ಟ್ಯಾಂಕಿನ ಎತ್ತರವನ್ನು ವಿಚಾರಿಸಿ, ಅಲ್ಲಿಂದ ದಿಗಂತ ಎಷ್ಟು ದೂರವೆಂದು ಲೆಕ್ಕ ಹಾಕಿ. ಸುತ್ತಲ ನೆಲ ಸಮತಟ್ಟಾಗಿದ್ದರೆ ಉತ್ತರ ಸುಮಾರಾಗಿ ಸರಿ.

ಹಡಗು ಹತ್ತುವ ಅವಕಾಶ ನಿಮಗೆ ನಾಳೆ ಬರಬಹುದು, ಬರದೆಯೂ ಇರಬಹುದು. ಹತ್ತಿದರೆ ಕೊನೆಯ ಹಗಲನ್ನು ಡೆಕ್ಕಿನ ಮೇಲೆ ಕಳೆಯಿರಿ. ಹತ್ತದಿದ್ದರೂ ನಷ್ಟವಿಲ್ಲ. ಟಿ.ವಿ.ಯಲ್ಲಿ ನಾವು ಹೇಳಿದ್ದನ್ನೂ, ಪುಸ್ತಕದಲ್ಲಿ ಅಚ್ಚಾದದ್ದನ್ನೂ ಒಮ್ಮೆ ಸ್ವಂತ ಕಣ್ಣಿನಿಂದ ಪರೀಕ್ಷಿಸಿ ನೋಡುವುದಕ್ಕೆ ಸಮುದ್ರವೇ ಬೇಕೆಂದಿಲ್ಲ. ಒಂದು ಲೋಟ ನೀರು, ಮೂರು ಹನಿ ಹಾಲು ಸಾಕು.