ಹೊಸ್ತಿಲಲ್ಲಿ ನಿಂತ ಹೆಜ್ಜೆ

ದೇವನಹಳ್ಳಿಯ ಕೋಟೆಯ ಬಳಿ, ಚಕ್ಕೋತದ ಗಿಡಗಳನ್ನು ಮಕ್ಕಳಂತೆ ಬೆಳೆಸಿದ ಹಿರಿಯರೊಬ್ಬರನ್ನು ನಾನು ಬಲ್ಲೆ. ಅಂಗಳದಲ್ಲಿ ಮೆಲ್ಲಮೆಲ್ಲನಾದರೂ ಸಾಗುವ ಅವರ ಕಾಲುಗಳು, ಹೊಸ್ತಿಲ ಮುಂದೆ ಬಂದೊಡನೆಯೆ ನೆಲಕ್ಕೆ ಬೆಸೆದಂತೆ ನಿಂತುಬಿಡುತ್ತವೆ. ಮೈ ಮುಂದಕ್ಕೆ ಬಾಗುತ್ತದೆ, ಹಿಮ್ಮಡಿ ಏಳುತ್ತದೆ, ಮೊಣಕಾಲು ನಡುಗುತ್ತದೆ, ಪಾದ ಮಾತ್ರ ಕದಲದು. ಆಗ ಮೊಮ್ಮಗಳು ರಂಗೋಲಿಯ ಪುಡಿಯಿಂದ ಅವರ ಕಾಲಿನ ಮುಂದೆ ಅಡ್ಡಗೆರೆಯೊಂದನ್ನು ಎಳೆದು, “ದಾಟು ತಾತ” ಎನ್ನುತ್ತಾಳೆ. ಅವರು ದಾಟುತ್ತಾರೆ.

ಕಾಲಿನಲ್ಲಿ ಬಲವಿದ್ದೂ ಹೆಜ್ಜೆ ಏಳದಿರುವುದಕ್ಕೆ ಕಾರಣ ಕಾಲಿನಲ್ಲಿಲ್ಲ, ಮೆದುಳಿನಲ್ಲಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ, ನಮ್ಮ ಆಯುರ್ವೇದವು ಕಂಪವಾತವೆಂದು ಕರೆವ ಲಕ್ಷಣಗಳನ್ನು ಹೋಲುವ ಈ ವ್ಯಾಧಿಯಲ್ಲಿ, ಮಧ್ಯಮಸ್ತಿಷ್ಕದ ಕಪ್ಪು ಛಾಯೆಯ ತಾಣವೊಂದರ ಕೋಶಗಳು ಕ್ರಮೇಣ ನಶಿಸಿ, ಅವು ಸ್ರವಿಸುತ್ತಿದ್ದ ಡೋಪಮಿನ್ ಎಂಬ ದ್ರವ್ಯ ಕುಗ್ಗುತ್ತದೆ. ಯೋಚಿಸದೆ ತಾನಾಗಿ ನಡೆಯುವ ನಡಿಗೆಯನ್ನು ನಿರ್ವಹಿಸುವ ಮಾರ್ಗ ಇದರಿಂದ ಮಂಕಾಗುತ್ತದೆ. ಕಣ್ಣಿಗೆ ಕಾಣುವ ಗೆರೆಯು ಬೇರೊಂದು ಮಾರ್ಗವನ್ನು ಎಚ್ಚರಿಸಿ, ನಡಿಗೆಯನ್ನು ಉದ್ದೇಶಪೂರ್ವಕವಾದ ಕ್ರಿಯೆಯನ್ನಾಗಿ ಮಾಡುತ್ತದೆ. ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಬೇರ್ಪಡಿಸಿದ ಲೆವೊಡೋಪವೇ ಇಂದಿಗೂ ಈ ರೋಗದ ಮುಖ್ಯ ಔಷಧವಾಗಿರುವುದು. ಆದರೆ ವರ್ಷಗಳು ಕಳೆದಂತೆ ಅದರ ಗುಣ ಅಲ್ಪಕಾಲದ್ದಾಗಿ, ಗುಳಿಗೆಗಳ ನಡುವೆ ದೇಹ ಒಮ್ಮೆ ಹೆಪ್ಪುಗಟ್ಟಿ ಒಮ್ಮೆ ಅತಿಯಾಗಿ ತೊನೆದಾಡುವುದು.

ಅಲ್ಲಿಂದ ಮುಂದಿನ ದಾರಿಯಾದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನದೂ ಒಂದು ಹೆಜ್ಜೆಯುಂಟು. ನಿಮ್ಹಾನ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮರು, ಕಪಾಲದ ತಳದಲ್ಲಿ ಸಹಜವಾಗಿರುವ ಅಂಡಾಕಾರದ ರಂಧ್ರದ ಮೂಲಕ ಸೂಜಿಯನ್ನು ತೂರಿಸಿ ಕಂಪವಾತಕ್ಕೆ ಶಸ್ತ್ರಚಿಕಿತ್ಸೆ ಮಾಡುವ ವಿಧಾನವನ್ನು ರೂಪಿಸಿದವರು. ಅಂದಿನ ಶಸ್ತ್ರವೈದ್ಯವು ಮೆದುಳಿನ ಒಂದು ಸಣ್ಣ ತಾಣವನ್ನು ನಾಶಮಾಡುತ್ತಿದ್ದಿತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಅಲಿಂ ಲೂಯಿ ಬೆನಬಿದ್ ಅವರು, ನಾಶಮಾಡದೆಯೆ ವಿದ್ಯುತ್ಸ್ಪಂದದಿಂದ ಅದೇ ಫಲವನ್ನು ಪಡೆಯಬಹುದೆಂದು ತೋರಿದರು. 1993ರ ವೇಳೆಗೆ ಅವರ ತಂಡವು ಸಬ್‌ಥಲಾಮಿಕ್ ಎಂಬ ತಾಣಕ್ಕೆ ಇದನ್ನು ಅಳವಡಿಸಿತು. ಇದನ್ನೇ ಆಳಮೆದುಳಿನ ಉದ್ದೀಪನವೆನ್ನುವುದು.

ಆ ತಾಣವು ಅವರೆಕಾಳಿನಷ್ಟು ಚಿಕ್ಕದು. ಲೋಹದ ಚೌಕಟ್ಟನ್ನು ತಲೆಗೆ ಬಿಗಿದು, ಚಿತ್ರಗಳ ನೆರವಿನಿಂದ ಮಿಲಿಮೀಟರಿನ ಲೆಕ್ಕದಲ್ಲಿ ಹಾದಿಯನ್ನು ಗುರುತಿಸಿ, ಸುಮಾರು 1.27 ಮಿಲಿಮೀಟರ್ ದಪ್ಪದ ತಂತಿಯನ್ನು ಇಳಿಸುವಾಗ ರೋಗಿ ಅನೇಕ ವೇಳೆ ಎಚ್ಚರವಾಗಿಯೇ ಇರುತ್ತಾನೆ. ಮೆದುಳಿಗೆ ನೋವು ತಿಳಿಯದು. ಕಾಲರ್ ಎಲುಬಿನ ಕೆಳಗೆ ಚರ್ಮದಡಿ ಇಟ್ಟ ಬ್ಯಾಟರಿ ಪೆಟ್ಟಿಗೆಯಿಂದ ಹೊರಟ ಸ್ಪಂದಗಳು ಸೆಕೆಂಡಿಗೆ ಸುಮಾರು 130 ಬಾರಿ ಅಲ್ಲಿಗೆ ಮುಟ್ಟಿ, ರೋಗದಿಂದ ಹುಟ್ಟಿದ ಅಸಹಜ ತಾಳವನ್ನು ಮುರಿಯುತ್ತವೆ. 

ಇಷ್ಟೆಲ್ಲ ಇದ್ದರೂ ನಡಿಗೆಯು ಈ ಚಿಕಿತ್ಸೆಗೆ ಸುಲಭವಾಗಿ ಒಲಿಯುವುದಿಲ್ಲ. ನಡುಕವೂ ಬಿಗಿತವೂ ಬಹುಮಟ್ಟಿಗೆ ಇಳಿದರೂ, ಹೆಜ್ಜೆಯ ತಡೆಯೂ ಬೀಳುವಿಕೆಯೂ ಉಳಿಯಬಹುದು. ಏಕೆಂದರೆ ಸಮತೋಲವು ಡೋಪಮಿನ್ ಒಂದರ ಅಧೀನದಲ್ಲೇ ಇರದೆ ಬೇರೆ ನರಜಾಲಗಳನ್ನೂ ಅವಲಂಬಿಸಿದೆ. ಸ್ಪಂದಗಳನ್ನು ಸೆಕೆಂಡಿಗೆ 60ಕ್ಕೆ ಇಳಿಸಿದಾಗ ಕೆಲವರ ಕಾಲು ಹಗುರಾದುದು ಉಂಟು. ಮೆದುಳಕಾಂಡದ ಬೇರೊಂದು ತಾಣವನ್ನು ಉದ್ದೀಪಿಸುವ ಪ್ರಯತ್ನ 2005ರಿಂದ ನಡೆದಿದ್ದರೂ ಫಲ ಎಲ್ಲರಲ್ಲಿ ಒಂದೇ ತೆರನಾಗಿಲ್ಲ. ಮೆದುಳಲ್ಲಿ ರಕ್ತಸ್ರಾವ, ಸೋಂಕು, ಮಾತಿನ ಅಸ್ಪಷ್ಟತೆಗಳ ಅಪಾಯವೂ ಇದೆ. ಈ ಚಿಕಿತ್ಸೆಯು ರೋಗವನ್ನು ಗುಣಪಡಿಸುವುದಿಲ್ಲ, ಅದರ ಮುನ್ನಡೆಯನ್ನೂ ತಡೆಯುವುದಿಲ್ಲ.

ಆದುದರಿಂದ ವೈದ್ಯರು ಶಸ್ತ್ರಕ್ರಿಯೆಗೆ ಮುನ್ನ ಒಂದು ಸರಳ ಪರೀಕ್ಷೆಯನ್ನು ಮಾಡುತ್ತಾರೆ. ರಾತ್ರಿಯಿಂದ ಗುಳಿಗೆಯನ್ನು ನಿಲ್ಲಿಸಿ, ಬೆಳಿಗ್ಗೆ ರೋಗಿಯನ್ನು ನಡೆಸಿ ನೋಡಿ, ಅನಂತರ ಲೆವೊಡೋಪವನ್ನು ಕೊಟ್ಟು ಮತ್ತೆ ನಡೆಸುತ್ತಾರೆ. ಗುಳಿಗೆಯಿಂದ ಸುಧಾರಿಸುವ ಹೆಜ್ಜೆಯೇ ಬಹುಮಟ್ಟಿಗೆ ತಂತಿಯಿಂದಲೂ ಸುಧಾರಿಸುವುದು. ಗುಳಿಗೆಗೂ ಬಗ್ಗದ ತಡೆಗೆ ತಂತಿಯಿಂದ ಹೆಚ್ಚಿನ ಭರವಸೆ ಇಲ್ಲ.

ಇದನ್ನು ತಿಳಿಯಲು ಮನೆಯವರಿಂದ ದೊರೆಯುವ ನೆರವು ಸಣ್ಣದಲ್ಲ. ಗುಳಿಗೆ ನುಂಗಿದುದು ಎಷ್ಟು ಹೊತ್ತಿಗೆ, ಹೊಸ್ತಿಲನ್ನು ಗೆರೆಯಿಲ್ಲದೆ ದಾಟಿದುದು ಯಾವಾಗ, ಬಿದ್ದುದು ಯಾವಾಗ ಎಂಬುದನ್ನು ಒಂದು ಪುಸ್ತಕದಲ್ಲಿ ದಿನದಿನವೂ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಹಿರಿಯರು ಹೊಸ್ತಿಲಲ್ಲಿ ನಿಂತರೆ ಕೈಹಿಡಿದು ಎಳೆಯದಿರಿ, ಅವಸರಪಡಿಸದಿರಿ. ಪಾದದ ಮುಂದೆ ಒಂದು ಗೆರೆಯನ್ನು ಎಳೆದು, ಅವರು ದಾಟುವವರೆಗೆ ಜೊತೆಯಲ್ಲಿ ನಿಲ್ಲಿರಿ.