ಒಂದೇ ದಿನದಲ್ಲಿ ಐದು ಸಾವಿರ ವರ್ಷ

ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಇದೆ ಎನ್ನುತ್ತದೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ. ಒಟ್ಟು 88 ಲಕ್ಷ. ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುವ ನಮಗೆ ಈ ಲೆಕ್ಕವೇ ದೊಡ್ಡದು. ಆದರೆ ನನ್ನನ್ನು ದಂಗುಬಡಿಸಿದ್ದು ಅವರ ಪಕ್ಕದಲ್ಲಿ ಕೂತವರ ಲೆಕ್ಕ.

ಡಿಮೆನ್ಶಿಯಾ ಇರುವವರನ್ನು ಮನೆಯವರು, ಹತ್ತಿರದವರು ದಿನಕ್ಕೆ ಸರಾಸರಿ 5 ಗಂಟೆ ನೋಡಿಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಜಗತ್ತಿನ ಸರಾಸರಿ. ಇದನ್ನೇ ನಮ್ಮ 88 ಲಕ್ಷಕ್ಕೆ ಗುಣಿಸಿದರೆ ದಿನಕ್ಕೆ 4.4 ಕೋಟಿ ಗಂಟೆ. ವರ್ಷಗಳಿಗೆ ಇಳಿಸಿ ನೋಡಿ: ಐದು ಸಾವಿರ ವರ್ಷ! ಹರಪ್ಪ, ಮೊಹೆಂಜೊದಾರೊ ಏಳಿಗೆಗೆ ಬರುವ ಮೊದಲಿನಿಂದ ಇವತ್ತಿನವರೆಗಿನ ಕಾಲವನ್ನು ಈ ದೇಶದ ಮನೆಗಳು ಒಂದೇ ಹಗಲು ರಾತ್ರಿಯಲ್ಲಿ ಸವೆಸುತ್ತವೆ. ನಾಳೆ ಮತ್ತೆ ಅಷ್ಟು. ಆರೈಕೆಯ ಗಂಟೆಗಳಲ್ಲಿ ನೂರಕ್ಕೆ 70 ಹೆಂಗಸರದೆಂದೂ ಅದೇ ಸಂಸ್ಥೆಯ ಲೆಕ್ಕ. ಅಂದರೆ ಮೂರೂವರೆ ಸಾವಿರ ವರ್ಷ ಹೆಂಡತಿ, ಮಗಳು, ಸೊಸೆಯರ ಪಾಲು.

ಈ 5 ಗಂಟೆ ಒಟ್ಟಿಗೆ ಬರುವುದಿಲ್ಲ, ಕಷ್ಟ ಇರುವುದು ಅಲ್ಲೇ. ಸ್ನಾನಕ್ಕೆ ಒಪ್ಪಿಸಲು ಒಂದು ಗಂಟೆ. ನಡುರಾತ್ರಿ ಬಾಗಿಲ ಚಿಲಕದ ಸದ್ದಾದರೆ ಎದ್ದು ಓಡಬೇಕು. ತನ್ನದೇ ಮನೆಯಲ್ಲಿ ಕೂತ ಅಮ್ಮ ‘ಮನೆಗೆ ಯಾವಾಗ ಹೋಗೋದು?’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ, ಎಚ್ಚರವಿರುವ ಹದಿನಾಲ್ಕು ಗಂಟೆಯಲ್ಲಿ 84 ಸಲ ಉತ್ತರಿಸಬೇಕು, ಎಂಬತ್ತನಾಲ್ಕನೆಯ ಸಲವೂ ದನಿ ಏರಿಸದೆ. ವರ್ಷಕ್ಕೆ 1,825 ಗಂಟೆ, ಎಂಟು ಗಂಟೆಯ ಪಾಳಿಯಲ್ಲಿ ಎಣಿಸಿದರೆ 228 ದಿನದ ದುಡಿಮೆ. ಸಂಬಳವಿಲ್ಲ, ಭಾನುವಾರವೂ ಇಲ್ಲ. 2019ರಲ್ಲಿ ಡಿಮೆನ್ಶಿಯಾಕ್ಕಾಗಿ ಜಗತ್ತು ತೆತ್ತ ಬೆಲೆ 1.3 ಲಕ್ಷ ಕೋಟಿ ಡಾಲರ್; ಅದರಲ್ಲಿ ಹೆಚ್ಚುಕಮ್ಮಿ ಅರ್ಧ, ಮನೆಯವರ ಈ ಪುಕ್ಕಟೆ ದುಡಿಮೆಗೆ ಕಟ್ಟಿದ ಬೆಲೆ.

ಇವರಿಗೆ ಬಿಡುವು ಕೊಡುವುದು ಆಗದ ಮಾತೆ? ಹಿರಿಯರನ್ನು ಕೆಲವು ದಿನ ತರಬೇತಾದವರ ಕೈಗೆ ಒಪ್ಪಿಸುವ ವ್ಯವಸ್ಥೆಯೇ ರೆಸ್ಪೈಟ್ ಕೇರ್. ಪ್ರತಿ ಮನೆಗೂ ವರ್ಷಕ್ಕೆ ಒಂದು ವಾರ ಎಂದುಕೊಳ್ಳೋಣ. ಆ ವಾರದಲ್ಲಿ ಸೊಸೆ ತನ್ನ ಕಣ್ಣಿನ ಪೊರೆ ತೆಗೆಸಿಕೊಳ್ಳಬಹುದು, ತವರಿನ ಮದುವೆಗೆ ಹೋಗಬಹುದು, ಬೆಳಗಿನವರೆಗೆ ನಿದ್ದೆ ಮಾಡಬಹುದು. ‘ಅತ್ತೆಯನ್ನು ಬಿಟ್ಟು ಹೋದಳು’ ಎನ್ನುವವರು ಒಂದು ರಾತ್ರಿ ಅವಳ ಜಾಗದಲ್ಲಿ ಮಲಗಲಿ. 88 ಲಕ್ಷ ವಾರಗಳಿಗೆ, ಒಂದು ದಿನವೂ ಖಾಲಿ ಬಿಡದೆ ಬಳಸಿದರೆ, 1.69 ಲಕ್ಷ ಹಾಸಿಗೆ ಸಾಕು. ನೂರು ಹಾಸಿಗೆಯ ಮನೆಗಳಾದರೆ 1,690. ದೇಶದಲ್ಲಿ ಏಳುನೂರೈವತ್ತಕ್ಕೂ ಹೆಚ್ಚು ಜಿಲ್ಲೆಗಳಿವೆ. ಅಂದರೆ ಜಿಲ್ಲೆಗೆ ಎರಡೇ ಎರಡು! ಐದು ಸಾವಿರ ವರ್ಷದ ಮುಂದೆ ನಾವು ಕೇಳುತ್ತಿರುವುದು ಇಷ್ಟೇ.

2036ಕ್ಕೆ ರೋಗಿಗಳು 1.69 ಕೋಟಿ ಆಗುತ್ತಾರೆಂದು ಅದೇ ಅಧ್ಯಯನದ ಅಂದಾಜು. ಆಗ ಜಿಲ್ಲೆಗೆ ನಾಲ್ಕು ಬೇಕು.