ಆಕಾಶ ಕಾಣದ ನ್ಯೂಯಾರ್ಕ್

ಸಿಡ್ನಿ ಲ್ಯೂಮೆಟ್ ನಿರ್ದೇಶನದ ‘ಪ್ರಿನ್ಸ್ ಆಫ್ ದ ಸಿಟಿ’ (1981) ನೋಡಿದಾಗಲೆಲ್ಲ ನನಗೆ ಉಸಿರು ಕಟ್ಟಿದಂತಾಗುತ್ತದೆ. ಯಾಕೆಂದು ತಿಳಿದದ್ದು, ತಮ್ಮ ಕಸುಬಿನ ಬಗ್ಗೆ ಅವರೇ ಬರೆದ ‘ಮೇಕಿಂಗ್ ಮೂವೀಸ್’ ಓದಿದ ಮೇಲೆ. ಎರಡೂಮುಕ್ಕಾಲು ಗಂಟೆಯ ಈ ಚಿತ್ರದಲ್ಲಿ, ಒಂದೇ ಒಂದು ಶಾಟ್ ಬಿಟ್ಟು, ಎಲ್ಲಿಯೂ ಆಕಾಶ ತೋರಿಸಬಾರದೆಂದು ಅವರು ಮೊದಲೇ ತೀರ್ಮಾನಿಸಿದ್ದರು.

ಡ್ಯಾನಿ ಚಿಯೆಲೊ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಮಾದಕವಸ್ತು ದಳದವನು. ಕೇಳುವವರಿಲ್ಲದ ದಳ, ಲೆಕ್ಕವಿಲ್ಲದ ಹಣ. ವ್ಯಸನಿಯಾದ ಒಡಹುಟ್ಟಿದವನೇ ಎದುರು ನಿಂತು ‘ನೀನೇನು ನನಗಿಂತ ಮೇಲು’ ಎಂಬಂತೆ ಹಂಗಿಸಿದಾಗ ಆ ಮಾತು ಎದೆಗೆ ನಾಟುತ್ತದೆ. ಮೈಗೆ ಟೇಪ್ ರೆಕಾರ್ಡರ್ ಕಟ್ಟಿಕೊಂಡು, ಭ್ರಷ್ಟ ಪೊಲೀಸರ ತನಿಖೆಯಲ್ಲಿ ಸರ್ಕಾರಿ ವಕೀಲರಿಗೆ ನೆರವಾಗಲು ಒಪ್ಪುತ್ತಾನೆ. ಒಂದೇ ಷರತ್ತು: ತನ್ನ ಜೊತೆಗಾರರನ್ನು ಹಿಡಿದುಕೊಡುವುದಿಲ್ಲ. ಅವನಿಗೆ ಅವರೂ ಮನೆಯವರೇ. ರಾಬರ್ಟ್ ಲೂಸಿ ಎಂಬ ನಿಜವಾದ ಪತ್ತೇದಾರನ ಬದುಕಿನಿಂದ ಬಂದ ಕಥೆಯಿದು.

ಮಳೆಯ ರಾತ್ರಿಯ ಒಂದು ದೃಶ್ಯವಿದೆ. ಹೆರಾಯಿನ್ ಸಿಗದೆ ಒದ್ದಾಡುತ್ತಿರುವ ಬಾತ್ಮೀದಾರ ಡ್ಯಾನಿಯನ್ನು ಕರೆಸಿಕೊಳ್ಳುತ್ತಾನೆ. ಡ್ಯಾನಿ ಇನ್ನೊಬ್ಬ ವ್ಯಸನಿಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆದು, ಅವನ ಮಾಲು ಕಿತ್ತು ಇವನಿಗೆ ಕೊಡುತ್ತಾನೆ. ಆಮೇಲೆ ಕರುಣೆ ಉಕ್ಕಿ, ಹೊಡೆಸಿಕೊಂಡವನನ್ನೇ ಮನೆಗೆ ಬಿಡುತ್ತಾನೆ. ಕರುಣೆ ಯಾವುದು, ಕಳ್ಳತನ ಯಾವುದು ಎಂದು ಬಿಡಿಸಲಾಗದಂತೆ ಎರಡೂ ಆ ಮಳೆಯಲ್ಲಿ ಕಲೆತುಹೋಗುತ್ತವೆ. ಭ್ರಷ್ಟಾಚಾರವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ದೃಶ್ಯ ನಾನು ಬೇರೆಲ್ಲೂ ನೋಡಿಲ್ಲ.

ಈ ಗೊಂದಲವನ್ನು ಲ್ಯೂಮೆಟ್ ಕ್ಯಾಮೆರಾದ ಕೆಲಸದಲ್ಲೂ ನೇಯ್ದರು. ನಮ್ಮ ಕಣ್ಣಿಗೆ ಸಹಜವೆನಿಸುವ 28ರಿಂದ 40 ಮಿಲಿಮೀಟರಿನ ಲೆನ್ಸ್‌ಗಳನ್ನು ಪೂರ್ತಿ ದೂರವಿಟ್ಟರು. ಅದಕ್ಕಿಂತ ಅಗಲ ನೋಟದ ಲೆನ್ಸಿನಲ್ಲಿ ಬೀದಿ ಇರುವುದಕ್ಕಿಂತ ಉದ್ದವಾಗುತ್ತದೆ. ದೂರದ್ದನ್ನು ಎಳೆದುಕೊಳ್ಳುವ ಲೆನ್ಸಿನಲ್ಲಿ ಅದೇ ಬೀದಿ ಮುದುರಿ ಗೋಡೆಯಾಗುತ್ತದೆ. ಯಾವುದೂ ಇದ್ದಂತೆ ಕಾಣುವುದಿಲ್ಲ. ಛಾಯಾಗ್ರಾಹಕ ಆಂಜೆಯ್ ಬಾರ್ಟ್ಕೋವಿಯಾಕ್ ಬೆಳಕನ್ನೂ ಹೀಗೇ ಹದ ಮಾಡಿದರು. ಮೊದಲ ಭಾಗದಲ್ಲಿ ಬೆಳಕು ಹೆಚ್ಚಾಗಿ ಬೀಳುವುದು ಪಾತ್ರಗಳ ಹಿಂದಿನ ಊರಿನ ಮೇಲೆ. ಕೊನೆಗೆ ಬರುವಷ್ಟರಲ್ಲಿ ಊರು ಕತ್ತಲಾಗಿ ಮುಖವೊಂದೇ ಉಳಿಯುತ್ತದೆ. ಕೋಣೆಗಳಿಂದ ಸಾಮಾನುಗಳೂ ಒಂದೊಂದಾಗಿ ಕಾಣೆಯಾಗುತ್ತವೆ. ನೋಡುವವರಿಗೆ ಇದೊಂದೂ ಗೊತ್ತಾಗುವುದಿಲ್ಲ, ಎದೆ ಮಾತ್ರ ಭಾರವಾಗುತ್ತ ಹೋಗುತ್ತದೆ.

ಇಟಾಲಿಯನ್ನರು ಆಕಾಶಕ್ಕೆ ಹೇಳುವ ಪದ ಡ್ಯಾನಿಯ ಮನೆತನದ ಹೆಸರಿಗೆ ತೀರಾ ಹತ್ತಿರ. ಅಂಥವನಿಗೆ ಆಕಾಶ ಸಿಗುವುದು ಒಮ್ಮೆ, ಮ್ಯಾನ್‌ಹಟನ್ ಸೇತುವೆಯ ಮೇಲೆ. ಸಾಯಲೆಂದು ಯೋಚಿಸುತ್ತ ಅವನು ಕೆಳಗಿನ ರೈಲು ಹಳಿ ನೋಡುವಾಗ. ಬಿಡುಗಡೆ ಅಲ್ಲಿ ಮಾತ್ರ ಇದೆಯೆಂದು ಅವನಿಗೆ ಅನಿಸಿದ ಗಳಿಗೆಯದು. ಅವನು ಹಾರುವುದಿಲ್ಲ. ವಿಚಾರಣೆಗೆ ಮರಳುತ್ತಾನೆ, ಷರತ್ತು ಮುರಿಯುತ್ತದೆ, ಜೊತೆಗಾರರ ಹೆಸರುಗಳು ಹೊರಬರುತ್ತವೆ.

ಕೊನೆಯ ದೃಶ್ಯದಲ್ಲಿ ಡ್ಯಾನಿ ಪೊಲೀಸರಿಗೆ ಪಾಠ ಹೇಳಲು ನಿಂತಿದ್ದಾನೆ. ಯುವಕನೊಬ್ಬ ಅವನು ಆ ಚಿಯೆಲೊನೇ ಹೌದೇ ಎಂದು ಕೇಳಿ ಖಚಿತಪಡಿಸಿಕೊಂಡು, ಎದ್ದು ಹೊರಗೆ ಹೋಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಡ್ಯಾನಿಯ ಮುಖದ ಮೇಲೆಯೇ ನಿಲ್ಲುತ್ತದೆ.